ಮೂರು ಸಭೆಗಳು ಒಂದಾದ ಕಥೆ: ದಕ್ಷಿಣ ಭಾರತ ಸಭೆಯ ಪ್ರಕರಣ ಅಧ್ಯಯನ

ನೂರು ವರ್ಷದ ಹಿಂದೆ ಬಳ್ಳಾರಿಯ ಒಂದು ಕುಟುಂಬ ಕ್ರೈಸ್ತರಾದರೆ ಕಾಂಗ್ರಿಗೇಷನಲ್ ಪಂಗಡದವರಾಗುತ್ತಿದ್ದರು. ಅಲ್ಲಿ ಇದ್ದದ್ದು ಲಂಡನ್ ಮಿಷನ್, ಅಷ್ಟೇ ಕಾರಣ. ಅದೇ ಕುಟುಂಬ ತುಮಕೂರಿನಲ್ಲಿದ್ದಿದ್ದರೆ ವೆಸ್ಲಿಯನ್ ಮೆಥಡಿಸ್ಟ್. ಕೋಲಾರದಲ್ಲಿದ್ದಿದ್ದರೆ ಅಮೆರಿಕನ್ ಮೆಥಡಿಸ್ಟ್. ಮಂಗಳೂರು, ಧಾರವಾಡ, ಬೆಟಗೇರಿ ಕಡೆಯಾದರೆ ಬಾಸೆಲ್ ಮಿಷನ್ನಿನವರು. ಯಾರೂ ಕೂತು ಯೋಚಿಸಿ ಪಂಗಡ ಆರಿಸಿಕೊಂಡದ್ದಲ್ಲ. ಒಬ್ಬರ ಊರಿಗೆ ಇನ್ನೊಬ್ಬರು ಕಾಲಿಡಬಾರದು ಅಂತ ಮಿಷನ್‌ಗಳು ತಮ್ಮತಮ್ಮಲ್ಲೇ ಸೀಮೆ ಹಂಚಿಕೊಂಡಿದ್ದವು. ಜನ ಯಾವ ಸೀಮೆಯಲ್ಲಿದ್ದರೋ ಆ ಪಂಗಡಕ್ಕೆ ಸೇರಿದರು.

ಒಂದೇ ಊರಲ್ಲಿ ಉಳಿದವರಿಗೆ ಇದರಿಂದ ಹೆಚ್ಚು ತೊಂದರೆ ಇರಲಿಲ್ಲ. ಕೆಲಸ ಹುಡುಕಿಕೊಂಡು ಹೊರಟವರಿಗೆ ತೊಂದರೆ ಗೊತ್ತಾಯಿತು. ರೈಲ್ವೆ ಕೆಲಸಕ್ಕೋ ಮಾಸ್ತರಿಕೆಗೋ ಬೇರೆ ಊರಿಗೆ ಹೋದರೆ ಅಲ್ಲಿನ ಸಭೆ, ಅಂದರೆ ಚರ್ಚು, ಬೇರೆ ಪಂಗಡದ್ದು. ಚರ್ಚ್ ಆಫ್ ಇಂಗ್ಲೆಂಡಿನ ಪರಂಪರೆಯ ಆಂಗ್ಲಿಕನ್ ಸಭೆಯಾಗಿದ್ದರೆ, ಬಿಷಪ್ ಕೈಯಿಂದ ದೃಢೀಕರಣ (ಪೂರ್ಣ ಸದಸ್ಯರಾಗುವ ವಿಧಿ) ಆಗದವರಿಗೆ ಪ್ರಭು ಭೋಜನ ಇಲ್ಲ. ಅದೇ ಕನ್ನಡ ಸತ್ಯವೇದ, ಅದೇ ಕರ್ತನ ಪ್ರಾರ್ಥನೆ. ಆದರೂ ರೊಟ್ಟಿ ಮತ್ತು ದ್ರಾಕ್ಷಾರಸದ ಮುಂದೆ ಹೊರಗಿನವರು.

ಕ್ರೈಸ್ತ ಐಕ್ಯದ ಬಗ್ಗೆ ಮಾತಾಡುವಾಗ ನಾವು ಬೇಗ ಸುಂದರ ಮಾತುಗಳಿಗೆ ಜಾರುತ್ತೇವೆ. ಈ ಪ್ರಕರಣವನ್ನು ನಾನು ಆರಿಸಿಕೊಂಡದ್ದು ಅದಕ್ಕೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ನಾವೆಲ್ಲ ಕರೆಯುವ ಸಿ.ಎಸ್.ಐ., ಹುಟ್ಟಿತು. ಬಿಷಪ್ಪರಿದ್ದ ಆಂಗ್ಲಿಕನ್ ಸಭೆ, ಬಿಷಪ್ಪರಿಲ್ಲದ ಸಭೆಗಳ ಜೊತೆ ಸೇರಿ ಒಂದೇ ಸಭೆಯಾದದ್ದು ಪ್ರಪಂಚದಲ್ಲೇ ಅದು ಮೊದಲ ಸಲ. ಇದು ಸುಮ್ನೆ ಆಗಲಿಲ್ಲ. ಮಾತುಕತೆಗೇ 28 ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಯಾವ ಗಂಟು ಬಿಚ್ಚಿತು, ಹೇಗೆ ಬಿಚ್ಚಿತು, ಯಾವುದು ಬಿಚ್ಚಲೇ ಇಲ್ಲ ಅನ್ನುವುದು ಇವತ್ತಿಗೂ ಉಪಯೋಗಕ್ಕೆ ಬರುವ ವಿಷಯ.

ಶುರುವಾದದ್ದು ತರಂಗಂಬಾಡಿಯಲ್ಲಿ

ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ 1706ರಲ್ಲಿ ಜರ್ಮನಿಯ ಮಿಷನರಿ ಜೀಗನ್‌ಬಾಲ್ಗ್ ಬಂದಿಳಿದಿದ್ದರು. ಭಾರತದಲ್ಲಿ ಪ್ರೊಟೆಸ್ಟೆಂಟ್ ಮಿಷನ್ ಕೆಲಸ ಶುರುವಾದ ಊರು ಅದು. 1919ರ ಮೇ 1 ಮತ್ತು 2ರಂದು ಅದೇ ಊರಲ್ಲಿ 33 ಜನ ಸಭಾಪಾಲಕರು, ಮುಖಂಡರು ಸೇರಿದರು. ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯರು. ಈ ಮಾತನ್ನು ಒತ್ತಿ ಹೇಳಬೇಕು. ಅಲ್ಲಿಯವರೆಗೆ ಸಭೆಗಳ ಹಣೆಬರಹ ಬರೆಯುತ್ತಿದ್ದದ್ದು ಲಂಡನ್ನು, ಎಡಿನ್‌ಬರೊ, ಬಾಸ್ಟನ್ನಿನ ಕಮಿಟಿಗಳು.

ಈ ಕೂಟ ಕರೆದವರಲ್ಲಿ ಮುಖ್ಯರು ವೇದನಾಯಗಂ ಸಾಮುವೇಲ್ ಅಜರಯ್ಯ. ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ 1874ರಲ್ಲಿ ಹುಟ್ಟಿದವರು. 1912ರ ಡಿಸೆಂಬರಿನಲ್ಲಿ ತೆಲುಗು ಸೀಮೆಯ ದೋರ್ನಕಲ್ಲಿನ ಬಿಷಪ್ಪರಾದರು. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ ಅವರೇ. ಅದಕ್ಕೂ ಮೊದಲು, 1910ರ ಎಡಿನ್‌ಬರೊ ಮಿಷನರಿ ಸಮ್ಮೇಳನದಲ್ಲಿ ಬಿಳಿಯ ಮಿಷನರಿಗಳ ಎದುರೇ ಎದ್ದು ನಿಂತು, ನೀವು ನಮಗೆ ಎಷ್ಟೋ ಕೊಟ್ಟಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ಈಗ ನಮಗೆ ಸ್ನೇಹಿತರನ್ನು ಕೊಡಿ ಎಂದು ಕೇಳಿದವರು. ಹೇಳಬೇಕಾದದ್ದನ್ನು ಮುಖಕ್ಕೆ ಹೇಳುವ ಮನುಷ್ಯ.

ತರಂಗಂಬಾಡಿಯಲ್ಲಿ ಹೊರಬಿದ್ದ ಹೇಳಿಕೆ ಬಹಳ ದೊಡ್ಡದಲ್ಲ. ಅದರ ತಿರುಳು ಹೀಗಿದೆ: ನಮ್ಮೊಳಗಿನ ಒಡಕುಗಳಿಂದ ನಾವು ಬಲ ಕಳೆದುಕೊಂಡಿದ್ದೇವೆ. ಈ ಒಡಕುಗಳಿಗೆ ನಾವು ಹೊಣೆಯಲ್ಲ. ಹೊರಗಿನಿಂದ ಇವು ನಮ್ಮ ಮೇಲೆ ಬಂದು ಕೂತಿವೆ. ನಾವು ಇವನ್ನು ಹುಟ್ಟಿಸಲಿಲ್ಲ, ಮುಂದುವರಿಸಲು ನಮಗೆ ಮನಸ್ಸೂ ಇಲ್ಲ.

ಈ ಮಾತಿನ ಬಲವೇ ಇಡೀ ಪ್ರಕರಣದ ಬೆನ್ನೆಲುಬು ಅಂತ ನನ್ನ ಅಭಿಪ್ರಾಯ. 1662ರಲ್ಲಿ ಇಂಗ್ಲೆಂಡಿನಲ್ಲಿ ಸಾವಿರಾರು ಪಾದ್ರಿಗಳು ಆಂಗ್ಲಿಕನ್ ಸಭೆಯಿಂದ ಹೊರಬಿದ್ದದ್ದು ಅಲ್ಲಿನವರಿಗೆ ಮನೆತನದ ನೋವು. ಸ್ಕಾಟ್ಲೆಂಡಿನವರು ಬಿಷಪ್ಪರ ವಿರುದ್ಧ ಹೋರಾಡಿ ರಕ್ತ ಹರಿಸಿದ್ದಾರೆ. ಅವರು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಗುಂಟೂರಿನ ಹಳ್ಳಿಯವರಿಗೋ ಗುಬ್ಬಿಯ ಮಾಸ್ತರಿಗೋ ಆ ಜಗಳದಲ್ಲಿ ಏನು ಪಾಲು? ಏನೂ ಇಲ್ಲ. ಪಾಲಿಲ್ಲದ ಜಗಳವನ್ನು ಬಿಟ್ಟುಬಿಡುವ ಹಕ್ಕು ನಮಗಿದೆ ಎಂದು ಅವರು ಧೈರ್ಯವಾಗಿ ಹೇಳಿದರು.

ಮಾತುಕತೆಗೆ ಕೂತವರು ಮೊದಲು ಇಬ್ಬರು. ಒಂದು ಕಡೆ ಆಂಗ್ಲಿಕನ್ನರು. ಇನ್ನೊಂದು ಕಡೆ 1908ರಲ್ಲೇ ಕಾಂಗ್ರಿಗೇಷನಲ್ ಮತ್ತು ಪ್ರೆಸ್‌ಬಿಟೇರಿಯನ್ ಸಭೆಗಳು ಸೇರಿ ಆಗಿದ್ದ ದಕ್ಷಿಣ ಭಾರತ ಐಕ್ಯ ಸಭೆ. 1925ರಲ್ಲಿ ವೆಸ್ಲಿಯನ್ ಮೆಥಡಿಸ್ಟರು ಸೇರಿಕೊಂಡು ಮೂವರಾದರು. ನಮ್ಮ ಮೈಸೂರು ಸೀಮೆಯ ಬಹುಪಾಲು ಸಭೆಗಳು ಬಂದದ್ದು ಈ ಮೂರನೆಯವರ ಜೊತೆ.

ಕಗ್ಗಂಟು: ಯಾರ ಕೈ ಯಾರ ತಲೆಯ ಮೇಲೆ

ಸತ್ಯವೇದ, ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಪ್ರಭು ಭೋಜನ ಎಂಬ ಎರಡು ಸಂಸ್ಕಾರಗಳು. ಈ ಮೂರರ ಬಗ್ಗೆ ಬೇಗ ಒಪ್ಪಿಗೆ ಆಯಿತು. ಇವುಗಳ ಜೊತೆ ಆಂಗ್ಲಿಕನ್ನರು ಇಟ್ಟ ನಾಲ್ಕನೆಯದು ಬಿಷಪ್ ಪದವಿ. ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದ ಬಿಷಪ್ಪರ ಪರಂಪರೆ ಬೇಕೇ ಬೇಕು ಅಂತ ಅವರ ನಿಲುವು. ಬಿಷಪ್ ತಲೆಯ ಮೇಲೆ ಕೈ ಇಟ್ಟು ಅಭಿಷೇಕ ಮಾಡದಿದ್ದರೆ ಒಬ್ಬ ಸಭಾಪಾಲಕ ಪ್ರಭು ಭೋಜನ ನಡೆಸುವಂತಿಲ್ಲ.

ಉಳಿದವರಿಗೆ ಇದು ಚುಚ್ಚಿತು. ಲಂಡನ್ ಮಿಷನ್ನಿನ ಸಭಾಪಾಲಕರೊಬ್ಬರು 30 ವರ್ಷ ದೀಕ್ಷಾಸ್ನಾನ ಕೊಟ್ಟಿದ್ದಾರೆ, ಮದುವೆ ಮಾಡಿಸಿದ್ದಾರೆ, ಕಾಲರಾ ಬಂದಾಗ ಸತ್ತವರನ್ನು ಮಣ್ಣು ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಈಗ ಬಿಷಪ್ ಬಂದು ಮತ್ತೆ ಅಭಿಷೇಕ ಮಾಡಬೇಕು ಅಂದರೆ ಏನರ್ಥ? ಇಷ್ಟು ದಿನ ಮಾಡಿದ್ದು ಸೇವೆಯೇ ಅಲ್ಲ ಎಂದಲ್ಲವೇ? ಅವರು ಕೊಟ್ಟ ಪ್ರಭು ಭೋಜನ ಬರೀ ರೊಟ್ಟಿಯೇ? ಇದು ಅವರೊಬ್ಬರ ಮಾನದ ಪ್ರಶ್ನೆ ಆಗಿರಲಿಲ್ಲ. ಅವರ ಕೈಯಿಂದ ಸಂಸ್ಕಾರ ಪಡೆದ ಇಡೀ ಸಭೆಯ ಪ್ರಶ್ನೆ.

ಇನ್ನೊಂದು ಕಡೆ ಐಕ್ಯ ಸಭೆಯ ಒಂದು ಬೇಡಿಕೆಯಿಂದ ಆಂಗ್ಲಿಕನ್ನರಿಗೆ ನಡುಕ ಹುಟ್ಟಿತು. ಹಳ್ಳಿಗಳಲ್ಲಿ ಅಭಿಷೇಕವಾದ ಸಭಾಪಾಲಕರು ಕಡಿಮೆ. ಉಪದೇಶಿಗಳು, ಶಾಲೆಯ ಮಾಸ್ತರರು ಸಭೆಯನ್ನು ನೋಡಿಕೊಳ್ಳುತ್ತಿದ್ದರು. ಅಂಥ ಹಿರಿಯರಿಗೂ ಪ್ರಭು ಭೋಜನ ನಡೆಸುವ ಅಧಿಕಾರ ಕೊಡಿ ಎಂಬ ಮಾತು 1930ರ ದಶಕದಲ್ಲಿ ಎದ್ದಿತು. ಮಾತುಕತೆ ಮುರಿದುಬೀಳುವ ಹಂತಕ್ಕೆ ಹೋಯಿತು. ಪುಸ್ತಕಗಳಲ್ಲಿ ಇದನ್ನು ಒಂದು ತಕರಾರು ಅಂತ ಬರೆದು ಮುಂದೆ ಹೋಗುತ್ತಾರೆ. ನನಗೆ ಅದರಲ್ಲಿ ಹಳ್ಳಿಯ ಹಸಿವು ಕಾಣುತ್ತದೆ. ತಿಂಗಳುಗಟ್ಟಲೆ ಸಭಾಪಾಲಕರ ಮುಖ ಕಾಣದ ಊರಿನವರು ನಮಗೂ ಪ್ರಭುವಿನ ಮೇಜು ಬೇಕು ಅಂದದ್ದು ತಪ್ಪೇನಲ್ಲ.

ಬಿಡಿಸಿದ ರೀತಿ

ಬಿಡಿಸುವ ದಾರಿ ತೋರಿಸಿದವರಲ್ಲಿ ಬೊಂಬಾಯಿಯ ಬಿಷಪ್ ಪಾಮರ್ ಮುಖ್ಯರು. 1920ರ ದಶಕದ ಮಾತುಕತೆಗಳಲ್ಲಿ ಮೂಡಿದ ಸೂತ್ರ ಇದು. ಸೇರುವ ದಿನ ಯಾರಿಗೂ ಮರು ಅಭಿಷೇಕ ಬೇಡ. ಮೂರೂ ಸಭೆಗಳ ಸಭಾಪಾಲಕರು ಹೇಗಿದ್ದಾರೋ ಹಾಗೇ ಹೊಸ ಸಭೆಯ ಸಭಾಪಾಲಕರು. ಆದರೆ ಆ ದಿನದಿಂದ ಮುಂದೆ ನಡೆಯುವ ಎಲ್ಲ ಅಭಿಷೇಕಗಳನ್ನೂ ಬಿಷಪ್ಪರೇ ಮಾಡಬೇಕು. ಹಳಬರು ನಿವೃತ್ತರಾಗುತ್ತಾ ಹೊಸಬರು ಬರುತ್ತಾ, ಒಂದು ತಲೆಮಾರಿನಲ್ಲಿ ಎಲ್ಲರೂ ಬಿಷಪ್ ಕೈಯಿಂದ ಅಭಿಷೇಕವಾದವರೇ ಆಗುತ್ತಾರೆ. ಅದಕ್ಕೆ 30 ವರ್ಷ ಗಡುವು. ಹೊರಗಿನಿಂದ ಬರುವ ಸಭಾಪಾಲಕರ ವಿಷಯದಲ್ಲಿ ಮುಂದೇನು ಅನ್ನುವುದನ್ನು 30 ವರ್ಷ ಆದ ಮೇಲೆ ಸಭೆಯೇ ತೀರ್ಮಾನಿಸಲಿ.

ಇದರ ಜೊತೆ ಒಂದು ಪ್ರತಿಜ್ಞೆಯನ್ನೂ ಸೇರಿಸಿದರು. ಯಾವ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ ಅಥವಾ ಅದರ ಮನಸ್ಸಾಕ್ಷಿ ಒಪ್ಪದ ಆರಾಧನೆಯ ಕ್ರಮವನ್ನಾಗಲಿ ಸಭಾಪಾಲಕರನ್ನಾಗಲಿ ಹೇರುವುದಿಲ್ಲ ಎಂದು. ಬಿಷಪ್ ಪದವಿಯನ್ನು ಒಪ್ಪಿಕೊಂಡರು, ಆದರೆ ಅದರ ಅರ್ಥ ಇಂಥದ್ದೇ ಅಂತ ಯಾರ ಬಾಯಲ್ಲೂ ಹೇಳಿಸಲಿಲ್ಲ. ಬಿಷಪ್ಪರು ಒಬ್ಬರೇ ದರ್ಬಾರು ಮಾಡುವಂತೆಯೂ ಇಲ್ಲ. ಸಂವಿಧಾನ, ಡಯೋಸಿಸ್ (ಒಬ್ಬ ಬಿಷಪ್ಪರ ಸೀಮೆ) ಕೌನ್ಸಿಲ್, ಇಡೀ ಸಭೆಯ ಮೇಲಿನ ಮಂಡಳಿಯಾದ ಸಿನೊಡ್, ಅವುಗಳಲ್ಲಿ ಸಾಮಾನ್ಯ ಸಭಿಕರ ಮತ. ಹೀಗೆ ಆಂಗ್ಲಿಕನ್ನರ ಬಿಷಪ್, ಪ್ರೆಸ್‌ಬಿಟೇರಿಯನ್ನರ ಹಿರಿಯರ ಮಂಡಳಿ, ಕಾಂಗ್ರಿಗೇಷನಲ್‌ನವರ ಸ್ಥಳೀಯ ಸಭೆಯ ಮಾತು ಮೂರಕ್ಕೂ ಜಾಗ ಸಿಕ್ಕಿತು.

ಸೂತ್ರ ಕೇಳಲು ಸುಲಭ. ಅದನ್ನು ಒಪ್ಪಿಸುವುದಕ್ಕೆ ಎರಡು ದಶಕ ಹಿಡಿಯಿತು. ಕೊನೆಕೊನೆಗೂ ಪೂರಕ ಅಭಿಷೇಕ ಎಂಬ ಹೆಸರಲ್ಲಿ ಎಲ್ಲರ ತಲೆಯ ಮೇಲೂ ಒಮ್ಮೆ ಕೈ ಇಟ್ಟುಬಿಡೋಣ ಎಂಬ ಸಲಹೆ ಬಂದು ಬಿದ್ದುಹೋಯಿತು. ಬಿದ್ದದ್ದು ಒಳ್ಳೆಯದಾಯಿತು. ಅದನ್ನು ಒಪ್ಪಿದ್ದರೆ ಹೊರಗೆ ಒಂದಾಗಿ ಒಳಗೆ ಒಬ್ಬರು ಸೋತಂತೆ ಆಗುತ್ತಿತ್ತು, ಅಲ್ವಾ?

ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಸಂಪ್ರದಾಯವಾದಿಗಳು ಕೆಂಡವಾದರು. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಗೆಯನ್ನೇ ಬರೆದರು. ಆದರೂ ಮತಗಳು ಬಿದ್ದವು. 1943ರಲ್ಲಿ ಮೆಥಡಿಸ್ಟರು, 1945ರ ಜನವರಿಯಲ್ಲಿ ಆಂಗ್ಲಿಕನ್ ಜನರಲ್ ಕೌನ್ಸಿಲ್, 1946ರಲ್ಲಿ ಐಕ್ಯ ಸಭೆ ಒಪ್ಪಿಗೆ ಕೊಟ್ಟವು. ಅಜರಯ್ಯನವರು ಇದನ್ನು ಪೂರ್ತಿ ನೋಡಲಿಲ್ಲ. 1945ರ ಜನವರಿ 1ರಂದು, ಆಂಗ್ಲಿಕನ್ ತೀರ್ಮಾನಕ್ಕೆ ಕೆಲವೇ ದಿನ ಮೊದಲು, ದೋರ್ನಕಲ್ಲಿನಲ್ಲಿ ತೀರಿಕೊಂಡರು.

ಸೆಪ್ಟೆಂಬರ್ 27

ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ. ಉತ್ತರದಲ್ಲಿ ದೇಶ ಒಡೆದು ನೆತ್ತರು ಹರಿಯುತ್ತಿತ್ತು. ಅದೇ ಹೊತ್ತಿಗೆ ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಮೂರು ಸಭೆಗಳು ಸೇರುತ್ತಿದ್ದವು. ತಿರುವಾಂಕೂರು–ಕೊಚ್ಚಿಯ ಬಿಷಪ್ ಸಿ. ಕೆ. ಜೇಕಬ್ ಆರಾಧನೆ ನಡೆಸಿದರು. ಮೂರೂ ಸಭೆಗಳ ನಿರ್ಣಯಗಳನ್ನು ಓದಲಾಯಿತು. ತನ್ನ ಶಿಷ್ಯರು ಒಂದಾಗಿರಲಿ ಎಂದು ಯೇಸು ತನ್ನ ಕೊನೆಯ ರಾತ್ರಿ ಬೇಡಿಕೊಂಡದ್ದನ್ನು ನೆನೆದು, ಈ ಮೂರೂ ಈಗ ಒಂದೇ ಸಭೆಯಾಗಿವೆ ಎಂದು ಜೇಕಬ್ ಘೋಷಿಸಿದರು.

ಅದೇ ದಿನ 9 ಜನ ಹೊಸ ಬಿಷಪ್ಪರ ಅಭಿಷೇಕವಾಯಿತು. ಅವರಲ್ಲಿ ಒಬ್ಬರು ಲೆಸ್ಲಿ ನ್ಯೂಬಿಗಿನ್. ಬಿಷಪ್ಪರೇ ಇಲ್ಲದ ಸ್ಕಾಟ್ಲೆಂಡಿನ ಸಭೆಯಿಂದ ಬಂದು ಕಾಂಚೀಪುರದಲ್ಲಿ ಕೆಲಸ ಮಾಡುತ್ತಿದ್ದವರು. ಬೆಳಿಗ್ಗೆ ಪ್ರೆಸ್‌ಬಿಟೇರಿಯನ್ ಸಭಾಪಾಲಕರು, ಸಂಜೆಗೆ ಮಧುರೆ–ರಾಮನಾಡಿನ ಬಿಷಪ್ಪರು. ಆಗ ಅವರ ವಯಸ್ಸು 37. ಮೈಸೂರು ಡಯೋಸಿಸ್ಸಿಗೆ ಬಿಷಪ್ಪರಾದವರು ಮೆಥಡಿಸ್ಟ್ ಸಭೆಯಿಂದ ಬಂದ ಗುರುಶಾಂತ. ಒಟ್ಟು 14 ಡಯೋಸಿಸ್. ಅದರಲ್ಲಿ ಒಂದು ಸಮುದ್ರದಾಚೆ, ಸಿಲೋನಿನ ಜಾಫ್ನಾದಲ್ಲಿ. ಹತ್ತು ಲಕ್ಷಕ್ಕೂ ಜಾಸ್ತಿ ಜನ ಒಂದೇ ಸಭೆಯವರಾದರು.

ಬೆಂಗಳೂರಿನಲ್ಲಿ ಇದರ ಗುರುತು ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಕಬ್ಬನ್ ಪಾರ್ಕಿನ ಒಂದು ಕಡೆ ಸೇಂಟ್ ಮಾರ್ಕ್ಸ್ ಕೆಥೆಡ್ರಲ್. 1812ರ ಹೊತ್ತಿಗೆ ದಂಡಿನ ಬ್ರಿಟಿಷರಿಗಾಗಿ ಕಟ್ಟಿದ ಆಂಗ್ಲಿಕನ್ ದೇವಾಲಯ. ಇನ್ನೊಂದು ಕಡೆ ಕಾರ್ಪೊರೇಷನ್ ಹತ್ತಿರ ಹಡ್ಸನ್ ಸ್ಮಾರಕ ದೇವಾಲಯ. 1904ರದ್ದು, ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಮಿಷನರಿ ಜೋಸಯ್ಯ ಹಡ್ಸನ್ ಅವರ ಹೆಸರಿನದು. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. 1947ರ ಮೊದಲು ಇವೆರಡೂ ಬೇರೆ ಬೇರೆ ಸಭೆಗಳು. ಇವತ್ತು ಎರಡಕ್ಕೂ ಒಬ್ಬರೇ ಬಿಷಪ್. ಹಡ್ಸನ್‌ನಲ್ಲಿ ದೃಢೀಕರಣ ಪಡೆದ ಹುಡುಗಿ ಮುಂದಿನ ಭಾನುವಾರ ಸೇಂಟ್ ಮಾರ್ಕ್ಸ್‌ನಲ್ಲಿ ಪ್ರಭು ಭೋಜನಕ್ಕೆ ನಿಂತರೆ ನೀನು ಯಾವ ಪಂಗಡ ಅಂತ ಯಾರೂ ಕೇಳುವುದಿಲ್ಲ. ತಾತನ ಕಾಲದ ನೋವು ಮೊಮ್ಮಗಳಿಗೆ ಗೊತ್ತೇ ಇಲ್ಲ. ಐಕ್ಯ ಗೆದ್ದಿತು ಎಂದು ಹೇಳಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬೆಲೆ ಕೊಟ್ಟವರು

ಹೊಸ ಸಭೆಯ ಜೊತೆ ಚರ್ಚ್ ಆಫ್ ಇಂಗ್ಲೆಂಡ್ ಪೂರ್ಣ ಸಂಬಂಧ ಇಟ್ಟುಕೊಳ್ಳಲಿಲ್ಲ. ನಾಲ್ಕು ಆಂಗ್ಲಿಕನ್ ಡಯೋಸಿಸ್‌ಗಳು ತಮ್ಮ ತವರಿನಿಂದ ಹೊರಬಂದಂತೆ ಆಯಿತು. ಬಿಷಪ್ ಕೈಯಿಂದ ಅಭಿಷೇಕವಾಗದ ಸಿ.ಎಸ್.ಐ. ಸಭಾಪಾಲಕರು ಇಂಗ್ಲೆಂಡಿಗೆ ಹೋದರೆ ಅಲ್ಲಿನ ಆಂಗ್ಲಿಕನ್ ದೇವಾಲಯದಲ್ಲಿ ಪ್ರಭು ಭೋಜನ ನಡೆಸುವಂತಿರಲಿಲ್ಲ. 1955ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ಪೂರ್ತಿಯಲ್ಲ.

ನೆಲದ ಮೇಲೆ ಇದರ ನೋವು ಜಾಸ್ತಿ ಕಂಡದ್ದು ಆಂಧ್ರದ ನಂದ್ಯಾಲದಲ್ಲಿ. ಅಲ್ಲಿನ ಸಭೆಗಳನ್ನು ನಡೆಸುತ್ತಿದ್ದದ್ದು ಎಸ್.ಪಿ.ಜಿ. ಎಂಬ ಆಂಗ್ಲಿಕನ್ ಮಿಷನ್. ಆ ಸೊಸೈಟಿ ಹೊಸ ಸಭೆಗೆ ತನ್ನ ಸಾಮಾನ್ಯ ನಿಧಿಯಿಂದ ಹಣ ಕೊಡಲು ಹಿಂಜರಿಯಿತು. ನಂದ್ಯಾಲದ ಸಾವಿರಾರು ಜನ, ನಾವು ಆಂಗ್ಲಿಕನ್ನರಾಗಿಯೇ ಉಳಿಯುತ್ತೇವೆ ಎಂದು ಪಟ್ಟು ಹಿಡಿದರು. ಅವರನ್ನು ಹಟಮಾರಿಗಳು ಅಂತ ಬರೆಯುವುದು ಸುಲಭ. ಆದರೆ ಆ ಹಳ್ಳಿಯವರಿಗೆ ಎಸ್.ಪಿ.ಜಿ. ಅಂದರೆ ಶಾಲೆ, ಹಾಸ್ಟೆಲ್ಲು, ಬರಗಾಲದಲ್ಲಿ ಗಂಜಿ. ಹೊಲವಿಲ್ಲದ ದಲಿತ ಕುಟುಂಬಗಳಿಗೆ ತಲೆಯೆತ್ತಿ ನಡೆಯಲು ಬಲ ಕೊಟ್ಟ ಹೆಸರು ಅದು. ಮದರಾಸಿನ ಕಮಿಟಿಯ ಕರಡನ್ನು ನಂಬಿ ಅದನ್ನು ಕೈಬಿಡಿ ಅಂದರೆ ಭಯ ಆಗುವುದು ಸಹಜ. ನಂದ್ಯಾಲದವರು ಕಲ್ಕತ್ತೆಯ ಮೆಟ್ರೊಪಾಲಿಟನ್ನರ, ಅಂದರೆ ಆಂಗ್ಲಿಕನ್ನರ ಮುಖ್ಯ ಬಿಷಪ್ಪರ, ಅಡಿಯಲ್ಲಿ ಉಳಿದರು. 1970ರ ದಶಕದಲ್ಲಿ ಸಿ.ಎಸ್.ಐ.ಗೆ ಬಂದರು. 2013ರಲ್ಲಿ ಸಿ.ಎಸ್.ಐ.ಯ ಮೊದಲ ಮಹಿಳಾ ಬಿಷಪ್ ಆಗಿ ಪುಷ್ಪ ಲಲಿತಾ ಅಭಿಷೇಕವಾದದ್ದು ನಂದ್ಯಾಲ ಡಯೋಸಿಸ್ಸಿಗೆ. ಸೇರಲು ತಡ ಮಾಡಿದ ಊರು ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಹೋಯಿತು.

ಮೇಜಿನ ಸುತ್ತ

ಸೇರಿದ ಮೇಲೆ ಆರಾಧನೆ ಹೇಗೆ? ಪ್ರತಿಜ್ಞೆಯ ಪ್ರಕಾರ ಹಳೆಯ ಕ್ರಮಗಳೆಲ್ಲ ಉಳಿದವು. ಜೊತೆಗೆ 1950ರಲ್ಲಿ ಪ್ರಭು ಭೋಜನದ ಒಂದು ಹೊಸ ಕ್ರಮ ಬಂತು. ಅದನ್ನು ಬಳಸಲೇಬೇಕೆಂಬ ಕಟ್ಟಳೆ ಇರಲಿಲ್ಲ. ಆದರೂ ಅದು ನಿಧಾನಕ್ಕೆ ಎಲ್ಲ ಕಡೆ ಹರಡಿತು. ಸಭಾಪಾಲಕರು ಮೇಜಿನ ಹಿಂದೆ, ಜನರಿಗೆ ಮುಖ ಮಾಡಿ ನಿಲ್ಲುತ್ತಾರೆ. ಸಭಿಕರು ಉತ್ತರ ಕೊಡುವ ಜಾಗಗಳು ಬಹಳ ಇವೆ.

ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಸಮಾಧಾನ ಹಂಚುವ ಗಳಿಗೆ. ಕೇರಳದ ಸುರಿಯಾನಿ ಕ್ರೈಸ್ತರ ಸಂಪ್ರದಾಯದಿಂದ ತೆಗೆದುಕೊಂಡದ್ದು. ಕೊಡುವವರು ಬಲಗೈಯನ್ನು ಪಡೆಯುವವರ ಎರಡೂ ಅಂಗೈಗಳ ನಡುವೆ ಇಡುತ್ತಾರೆ. ಪಡೆದವರು ಪಕ್ಕದವರ ಕಡೆ ತಿರುಗಿ ಹಾಗೇ ದಾಟಿಸುತ್ತಾರೆ. ಮೇಜಿನ ಹತ್ತಿರದಿಂದ ಹೊರಟು ಕೊನೆಯ ಬೆಂಚಿನವರೆಗೂ ಹೋಗುತ್ತದೆ. ಮುಟ್ಟಬಾರದು ಅಂತ ಸಾವಿರಾರು ವರ್ಷ ಜನರನ್ನು ದೂರ ಇಟ್ಟ ನಾಡಿನಲ್ಲಿ, ಆರಾಧನೆಯ ನಡುವೆ ಪಕ್ಕದವರ ಕೈ ಹಿಡಿಯಲೇಬೇಕು. ಈ ಕ್ರಮವನ್ನು ಆಮೇಲೆ ಪಶ್ಚಿಮದ ಸಭೆಗಳೂ ನೋಡಿ ಕಲಿತವು. ಐಕ್ಯಕ್ಕೆ ಕೈಹಾಕಿದ ಸಭೆಯೊಂದು ಜಗತ್ತಿಗೆ ಹಿಂದಿರುಗಿ ಕೊಟ್ಟದ್ದು ಇದು.

ವ್ಯತ್ಯಾಸಗಳೇನೂ ಮಾಯವಾಗಲಿಲ್ಲ. ಒಂದು ಸಭೆಯಲ್ಲಿ ಜನ ಮೊಣಕಾಲೂರಿ ಒಂದೇ ಪಾತ್ರೆಯಿಂದ ಕುಡಿಯುತ್ತಾರೆ. ಇನ್ನೊಂದರಲ್ಲಿ ಪುಟ್ಟ ಪುಟ್ಟ ಲೋಟಗಳು. ಒಂದು ಕಡೆ ಧೂಪ, ದೀಪ, ಉದ್ದ ನಿಲುವಂಗಿ. ಇನ್ನೊಂದು ಕಡೆ ಬಿಳಿ ಗೋಡೆ, ಉದ್ದನೆಯ ಪ್ರಸಂಗ, ಬಾಯಿತುಂಬ ಕೀರ್ತನೆ. ಎಲ್ಲರೂ ಒಂದೇ ಥರ ಆಗಬೇಕು ಎಂದು 1947ರಲ್ಲಿ ಯಾರೂ ಹಟ ಹಿಡಿಯದೆ ಇದ್ದದ್ದೇ ಒಟ್ಟಿಗೆ ಬಾಳಲು ದಾರಿ ಮಾಡಿತು.

ಸೇರದೆ ಉಳಿದವರು

ಬಾಸೆಲ್ ಮಿಷನ್ನಿನ ಮಲಬಾರಿನ ಸಭೆಗಳು ಮೊದಲೇ ಐಕ್ಯ ಸಭೆ ಸೇರಿದ್ದವು. ಮಂಗಳೂರು ಮತ್ತು ಧಾರವಾಡ ಕಡೆಯವು 1947ರಲ್ಲಿ ಬರಲಿಲ್ಲ. ಹೆಚ್ಚಿನವು ಆಮೇಲೆ ಬಂದವು. ಮಂಗಳೂರಿನ ಬಲ್ಮಠದ ಶಾಂತಿ ಕೆಥೆಡ್ರಲ್ ಈಗ ಸಿ.ಎಸ್.ಐ.ಯದ್ದೇ. ಅಚ್ಚರಿ ಏನೆಂದರೆ, ಬಾಸೆಲ್ ಮಿಷನ್ ಹುಟ್ಟಿನಿಂದಲೇ ಲುಥೆರನ್ (ಮಾರ್ಟಿನ್ ಲೂಥರ್ ಹಾದಿಯವರು) ಮತ್ತು ರಿಫಾರ್ಮ್ಡ್ (ಕ್ಯಾಲ್ವಿನ್ ಹಾದಿಯವರು) ಎರಡೂ ಕಡೆಯವರು ಸೇರಿ ಕಟ್ಟಿದ ಮಿಷನ್. ಐಕ್ಯ ಅವರಿಗೆ ಹೊಸದಾಗಿರಲಿಲ್ಲ.

ಲುಥೆರನ್ ಸಭೆಗಳ ಜೊತೆ 1948ರಿಂದ ದಶಕಗಟ್ಟಲೆ ಮಾತುಕತೆ ನಡೆಯಿತು. ದೇವರ ವಾಕ್ಯ, ಕೃಪೆ, ಪ್ರಭು ಭೋಜನದ ಬಗ್ಗೆ ದೊಡ್ಡ ಒಪ್ಪಿಗೆಗಳೂ ಆದವು. ಸೇರುವುದು ಮಾತ್ರ ಆಗಲಿಲ್ಲ. ನಂಬಿ ಬಂದ ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟರು ದಕ್ಷಿಣದಲ್ಲಿ ಹೊರಗೇ ಉಳಿದರು. 1970ರ ನವೆಂಬರಿನಲ್ಲಿ ನಾಗಪುರದಲ್ಲಿ ಉತ್ತರ ಭಾರತ ಸಭೆ ಹುಟ್ಟಿದಾಗ ಅಲ್ಲಿನ ಬ್ಯಾಪ್ಟಿಸ್ಟರು ಸೇರಿದರು. ಮಗುವಿಗೆ ಕೊಡುವ ದೀಕ್ಷಾಸ್ನಾನ, ನಂಬಿ ಬಂದ ದೊಡ್ಡವರಿಗೆ ಕೊಡುವ ದೀಕ್ಷಾಸ್ನಾನ ಎರಡನ್ನೂ ಆ ಸಭೆ ಒಪ್ಪಿಕೊಂಡಿತು. ಅದೂ ಸಣ್ಣ ಮಾತಲ್ಲ. ಅದೇ ಯೋಜನೆಯಿಂದ ಅಮೆರಿಕನ್ ಮೆಥಡಿಸ್ಟರು ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. ಹಾಗಾಗಿ ಕರ್ನಾಟಕದಲ್ಲಿ ತುಮಕೂರಿನ ಮೆಥಡಿಸ್ಟರು ಸಿ.ಎಸ್.ಐ. ಆದರು. ಕೋಲಾರದವರು, ಬೀದರಿನವರು ಮೆಥಡಿಸ್ಟರಾಗಿಯೇ ಉಳಿದರು. ಇಬ್ಬರಿಗೂ ಮೂಲಪುರುಷ ಜಾನ್ ವೆಸ್ಲಿ. ಕನ್ನಡ ನೆಲದಲ್ಲಿ ಇವರಿಬ್ಬರನ್ನು ಬೇರೆ ಇಡುವ ಸಿದ್ಧಾಂತ ಯಾವುದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದು ಮಿಷನ್ ಬ್ರಿಟನ್ನಿನದು, ಇನ್ನೊಂದು ಅಮೆರಿಕದ್ದು. ತರಂಗಂಬಾಡಿಯ ಹೇಳಿಕೆ ಯಾವ ಒಡಕಿನ ಬಗ್ಗೆ ಹೇಳಿತ್ತೋ ಅದೇ ಒಡಕು.

ಕೆಲವು ಕಡೆ ಐಕ್ಯ ಸಭೆಗಳಿಗಿಂತ ಮೊದಲೇ ನಡೆದಿತ್ತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲೇ ಹಲವು ಮಿಷನ್‌ಗಳು ಸೇರಿ ಕಟ್ಟಿದ್ದು. ಒಂದೇ ಹಾಸ್ಟೆಲ್ಲಿನಲ್ಲಿ ಉಂಡು ಮಲಗಿ, ಒಂದೇ ಬೆಂಚಿನಲ್ಲಿ ಗ್ರೀಕ್ ಕಲಿತ ಹುಡುಗರೇ ಮುಂದೆ ಬೇರೆ ಬೇರೆ ಸಭೆಗಳ ಸಭಾಪಾಲಕರಾದರು. ಸ್ನೇಹ ಮೊದಲು ಬೆಳೆದದ್ದು ಅಲ್ಲಿ.

ಬಿಚ್ಚದ ಗಂಟು

ಈ ಪ್ರಕರಣವನ್ನು ಹೊಗಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. 1935ರಲ್ಲಿ ಯೇವಲೆಯಲ್ಲಿ ಅಂಬೇಡ್ಕರ್ ಅವರು ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಹೇಳಿದ ಮೇಲಿನ ದಿನಗಳ ಒಂದು ಪ್ರಸಂಗವನ್ನು ಅಜರಯ್ಯನವರ ಜೊತೆ ದುಡಿದವರು ಬರೆದಿಟ್ಟಿದ್ದಾರೆ. ಅಂಬೇಡ್ಕರ್ ಅವರು ಅಜರಯ್ಯನವರನ್ನು ಕೇಳಿದರಂತೆ: ನಾವು ಕ್ರೈಸ್ತರಾದರೆ, ಎಲ್ಲಿದ್ದರೂ ಒಂದೇ ಸಭೆಯಲ್ಲಿ ಇರುತ್ತೇವಾ? ಅಲ್ಲಿ ಜಾತಿಯ ಭೇದ ಪೂರ್ತಿ ಇಲ್ಲವಾಗಿರುತ್ತದಾ? ಎರಡಕ್ಕೂ ಹೌದು ಅನ್ನಲು ಆಗದೆ, ಜೀವನದಲ್ಲಿ ಯಾವತ್ತೂ ಪಡದಷ್ಟು ನಾಚಿಕೆ ಪಟ್ಟೆ ಎಂದು ಅಜರಯ್ಯ ಹೇಳಿಕೊಂಡರಂತೆ.

ಮೊದಲ ಪ್ರಶ್ನೆಗೆ 1947ರಲ್ಲಿ ಅರ್ಧ ಉತ್ತರ ಸಿಕ್ಕಿತು. ಎರಡನೆಯದು ಹಾಗೇ ಉಳಿಯಿತು. 28 ವರ್ಷದ ಕಡತಗಳಲ್ಲಿ ಬಿಷಪ್ ಪದವಿಯ ಬಗ್ಗೆ ಪುಟಗಟ್ಟಲೆ ಚರ್ಚೆ ಇದೆ. ಜಾತಿಯ ಬಗ್ಗೆ ಅಷ್ಟು ಚರ್ಚೆ ಇಲ್ಲ. ದಕ್ಷಿಣದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತ ಮತ್ತು ಹಿಂದುಳಿದ ಸಮುದಾಯಗಳಿಂದ ಬಂದವರು. ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಡುತ್ತಾರಾ, ಸತ್ತಾಗ ಒಂದೇ ಸಮಾಧಿ ಸ್ಥಳದಲ್ಲಿ ಮಣ್ಣು ಮಾಡುತ್ತಾರಾ, ಡಯೋಸಿಸ್ ಚುನಾವಣೆಯಲ್ಲಿ ಮತ ಯಾವ ಲೆಕ್ಕದಲ್ಲಿ ಬೀಳುತ್ತದೆ ಅನ್ನುವುದು ಅವರ ದಿನದ ಬದುಕಿನ ಪ್ರಶ್ನೆಗಳು. ಯಾರ ಕೈ ಯಾರ ತಲೆಯ ಮೇಲೆ ಎಂದು ವರ್ಷಗಟ್ಟಲೆ ಕೇಳಿದವರು, ಯಾರ ಕೈಯಲ್ಲಿ ಯಾರು ನೀರು ಕುಡಿಯುತ್ತಾರೆ ಎಂದೂ ಅಷ್ಟೇ ಕಟ್ಟುನಿಟ್ಟಾಗಿ ಕೇಳಬೇಕಿತ್ತು. ಸೇರುವುದಕ್ಕೆ ಅದನ್ನೂ ಒಂದು ಷರತ್ತಾಗಿ ಇಡಬೇಕಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಆಸ್ತಿಯ ವಿಷಯವೂ ಹಾಗೇ. ಮಿಷನ್‌ಗಳು ಬಿಟ್ಟುಹೋದ ಶಾಲೆ, ಆಸ್ಪತ್ರೆ, ಊರ ನಡುವಿನ ಜಮೀನು ಬಹುಪಾಲು ಒಂದೇ ಟ್ರಸ್ಟಿನ ಅಡಿ ಬಂದವು. ಅದರ ಜೊತೆ ಅಧಿಕಾರವೂ ಒಂದೇ ಕಡೆ ಸೇರಿತು. ಇತ್ತೀಚಿನ ವರ್ಷಗಳಲ್ಲಿ ಸಿನೊಡ್ ಚುನಾವಣೆಯ ಜಗಳ ಮದರಾಸು ಹೈಕೋರ್ಟಿನವರೆಗೂ ಹೋಗಿದೆ. ಇದನ್ನು ತೋರಿಸಿ ಐಕ್ಯವೇ ತಪ್ಪು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೇರದೆ ಬೇರೆಯಾಗಿಯೇ ಉಳಿದ ಸಭೆಗಳಲ್ಲೂ ಆಸ್ತಿಯ ವ್ಯಾಜ್ಯಗಳಿವೆ. ಆದರೆ ದೊಡ್ಡ ಸಭೆ ಕಟ್ಟುವವರು ಲೆಕ್ಕಪತ್ರ ಕೇಳುವ ಹಕ್ಕನ್ನು ಹಳ್ಳಿಯ ಸಭಿಕರ ಕೈಗೂ ಕೊಡಬೇಕು. ಅದು ಸಂವಿಧಾನದ ಪುಟದಲ್ಲಿ ಇದ್ದರೆ ಸಾಲದು.

30 ವರ್ಷದ ಗಡುವು 1977ರಲ್ಲಿ ಸದ್ದಿಲ್ಲದೆ ದಾಟಿತು. ಆ ಹೊತ್ತಿಗೆ ಹೆಚ್ಚಿನ ಸಭಾಪಾಲಕರು ಬಿಷಪ್ ಕೈಯಿಂದಲೇ ಅಭಿಷೇಕವಾದವರಾಗಿದ್ದರು. ಮರುವರ್ಷ ಸಿ.ಎಸ್.ಐ., ಉತ್ತರ ಭಾರತ ಸಭೆ, ಕೇರಳದ ಮಾರ್ತೋಮಾ ಸಭೆ ಸೇರಿ ಜಂಟಿ ಮಂಡಳಿ ಮಾಡಿಕೊಂಡವು. ಮೂರೂ ತಮ್ಮ ತಮ್ಮ ಹೆಸರು, ಬಿಷಪ್ಪರನ್ನು ಇಟ್ಟುಕೊಂಡು, ಒಬ್ಬರ ಮೇಜಿಗೆ ಇನ್ನೊಬ್ಬರು ಬರುವ ದಾರಿ. ಈಗ ಸಿ.ಎಸ್.ಐ. ಆಂಗ್ಲಿಕನ್ ಕೂಟದಲ್ಲೂ ಇದೆ, ರಿಫಾರ್ಮ್ಡ್ ಸಭೆಗಳ ಒಕ್ಕೂಟದಲ್ಲೂ ಇದೆ, ಜಾಗತಿಕ ಮೆಥಡಿಸ್ಟ್ ಕೌನ್ಸಿಲ್ಲಿನಲ್ಲೂ ಇದೆ. ಒಮ್ಮೆ ಮುಖ ತಿರುಗಿಸಿದ್ದ ಲ್ಯಾಂಬೆತ್ ಸಮ್ಮೇಳನದಲ್ಲಿ, ಅಂದರೆ ಜಗತ್ತಿನ ಆಂಗ್ಲಿಕನ್ ಬಿಷಪ್ಪರೆಲ್ಲ ಸೇರುವ ಕೂಟದಲ್ಲಿ, ಅದರ ಬಿಷಪ್ಪರು ಪೂರ್ಣ ಸದಸ್ಯರಾಗಿ ಕೂರುತ್ತಾರೆ.

ಕರ್ನಾಟಕದಲ್ಲಿ ಮುಂದಿನ ಹೆಜ್ಜೆ ಎಲ್ಲಿಂದ ಅಂತ ನನ್ನನ್ನು ಕೇಳಿದರೆ, ಕೋಲಾರದಿಂದ ಮತ್ತು ಬೀದರಿನಿಂದ ಅನ್ನುತ್ತೇನೆ. ಮೆಥಡಿಸ್ಟ್ ಸಭೆ ಮತ್ತು ಸಿ.ಎಸ್.ಐ. ಎರಡರ ಸಭಾಪಾಲಕರೂ ಒಬ್ಬರ ಸಭೆಯಲ್ಲಿ ಇನ್ನೊಬ್ಬರು ಪ್ರಭು ಭೋಜನ ನಡೆಸಲಿ. ಉಪದೇಶಿಗಳ ತರಬೇತಿ ಒಟ್ಟಿಗೆ ಆಗಲಿ. ಆ ಮಾತುಕತೆಗೆ ಕೂರುವವರು ಮೊದಲ ದಿನವೇ ಜಾತಿಯ ಪ್ರಶ್ನೆಯನ್ನೂ ಜಮೀನಿನ ಪತ್ರಗಳನ್ನೂ ಮೇಜಿನ ಮೇಲಿಡಲಿ. ಬಿಷಪ್ ಪದವಿಯ ಮಾತು ಆಮೇಲೆ ಬರಲಿ. ಅದಕ್ಕೆ ಹೇಗೂ 1947ರ ಸೂತ್ರ ನಮ್ಮ ಕೈಯಲ್ಲಿದೆ.